2025ರ ಓದು, 2025ರ ನೋಟ: ನಿಮ್ಮ ಮನಸ್ಸಿನಲ್ಲಿ ಉಳಿದದ್ದು ಯಾವುದು?

ಬೆಟ್ಟದ ಓದುಗ, ಮಡಿಕೇರಿ

ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದಿದೆ, ಅರೇಬಿಕಾ ಕಾಫಿಯ ಕೊಯ್ಲು ಆರಂಭವಾಗಿದೆ. ಇನ್ನು ರೊಬಸ್ಟಾ ಕಣಕ್ಕೆ ಬಂದು ಒಣಗುವವರೆಗೆ ನಮ್ಮಲ್ಲಿ ಹೆಚ್ಚಿನವರಿಗೆ ಪುಸ್ತಕ ಹಿಡಿಯಲು ಪುರುಸೊತ್ತು ಸಿಗುವುದಿಲ್ಲ. ಅದಕ್ಕೆ ಮೊದಲು, ಈ ವರ್ಷ ನಾವು ಓದಿದ ಪುಸ್ತಕಗಳು, ನೋಡಿದ ಸಿನಿಮಾಗಳು ಮತ್ತು ವೆಬ್ ಸರಣಿಗಳ ಬಗ್ಗೆ ಇಲ್ಲಿ ಮಾತನಾಡೋಣವೆಂದು ನನ್ನ ಕೋರಿಕೆ. ಕೃತಿ ಇದೇ ವರ್ಷ ಹೊರಬಂದಿರಬೇಕೆಂಬ ನಿಯಮವಿಲ್ಲ. ಐವತ್ತು ವರ್ಷ ಹಳೆಯ ಕಾದಂಬರಿಯನ್ನು ಈ ಮಳೆಗಾಲದಲ್ಲಿ ಮೊದಲ ಸಲ ಓದಿದ್ದರೆ ಅದೂ ನಿಮ್ಮ ಈ ವರ್ಷದ ಪುಸ್ತಕವೇ. ಆದರೆ ಬರಿಯ ಹೆಸರುಗಳ ಪಟ್ಟಿ ಕೊಟ್ಟು ಹೋಗಬೇಡಿ. ಯಾಕೆ ಹಿಡಿಸಿತು, ಎಲ್ಲಿ ಬೇಸರವಾಯಿತು ಎಂಬುದನ್ನು ಬಿಡಿಸಿ ಬರೆಯಿರಿ.

ನನ್ನ ಮಟ್ಟಿಗೆ ಈ ವರ್ಷದ ಓದು ಎಂದರೆ ಬಾನು ಮುಷ್ತಾಕ್ ಅವರ ಕಥೆಗಳು. ಮೇ ತಿಂಗಳಲ್ಲಿ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಅದರ ಅನುವಾದಕಿ ದೀಪಾ ಭಾಸ್ತಿ ಮಡಿಕೇರಿಯವರು ಎಂಬ ಕಾರಣಕ್ಕೆ ನಮ್ಮೂರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಆ ಸುದ್ದಿ ಓಡಾಡಿತು. ಕನ್ನಡದ ಕೃತಿಯೊಂದಕ್ಕೆ ಈ ಪ್ರಶಸ್ತಿ ಸಂದದ್ದು ಇದೇ ಮೊದಲು, ಸಣ್ಣಕಥೆಗಳ ಸಂಕಲನಕ್ಕೆ ಸಂದದ್ದೂ ಇದೇ ಮೊದಲು, ಹೆಮ್ಮೆ ಸಹಜವೇ. ಆದರೆ ಅಭಿನಂದನೆಯ ಚಿತ್ರ ಹಂಚಿಕೊಂಡವರ ಹತ್ತಿರ ಯಾವ ಕಥೆ ಹಿಡಿಸಿತು ಎಂದು ಕೇಳಿದರೆ ಹೆಚ್ಚಿನವರು ಮಾತು ಬದಲಿಸುತ್ತಾರೆ. ಹನ್ನೆರಡೇ ಕಥೆಗಳಿವೆ, ಮೂರು ದಶಕಗಳ ಅವಧಿಯಲ್ಲಿ ಬರೆದವು. ಅಷ್ಟನ್ನು ಓದದೆ ಹೆಮ್ಮೆಪಡುವುದು ನನಗಂತೂ ಸರಿ ಕಾಣುವುದಿಲ್ಲ.

ಹೆಚ್ಚಾಗಿ ಎಲ್ಲರೂ ಮಾತನಾಡುವುದು 'ಕರಿ ನಾಗರಗಳು' ಕಥೆಯ ಬಗ್ಗೆ. ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಚಿತ್ರಕ್ಕೆ ಅದೇ ಆಧಾರ, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದೂ ಆ ಚಿತ್ರವೇ. ನನ್ನನ್ನು ಹಿಡಿದು ನಿಲ್ಲಿಸಿದ ಕಥೆ ಬೇರೆ. ಹಜ್ ಯಾತ್ರೆಗೆ ಹೊರಟ ಸಿರಿವಂತ ಮನೆಯೊಡತಿಯ ಬಳಿ ಬಡ ಹೆಂಗಸೊಬ್ಬಳು, ಕೂಡಿಟ್ಟ ದುಡ್ಡು ಕೊಟ್ಟು, ತನಗೊಂದು ಕಫನ್ ತಂದುಕೊಡಿ ಎಂದು ಬೇಡಿಕೊಳ್ಳುತ್ತಾಳೆ. ಯಾತ್ರೆಯ ಖರೀದಿಯ ಸಡಗರದಲ್ಲಿ ಒಡತಿ ಅದನ್ನು ಮರೆಯುತ್ತಾಳೆ. ಕಥೆಯಲ್ಲಿ ಕ್ರೂರಿ ಎನ್ನಬಹುದಾದವರು ಯಾರೂ ಇಲ್ಲ. ಇರುವುದು ಮರೆವು ಮಾತ್ರ, ಆದರೆ ಬಡವರ ಕೋರಿಕೆಯನ್ನು ಮರೆಯುವುದು ಎಷ್ಟು ಸುಲಭ ಎಂಬುದನ್ನು ಅಷ್ಟು ನಿರುದ್ವೇಗದಿಂದ ಹೇಳಿದ ಇನ್ನೊಂದು ಕಥೆಯನ್ನು ನಾನು ಈಚೆಗೆ ಓದಿಲ್ಲ. ಸಂಕಲನದ ಎಲ್ಲ ಕಥೆಗಳೂ ಇದೇ ಎತ್ತರದಲ್ಲಿಲ್ಲ. ಕೆಲವು ಕಡೆ ಗಂಡಸರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತಾರೆ, ಆರನೆಯ ಕಥೆಗೆ ಬರುವಷ್ಟರಲ್ಲಿ ಗಂಡ ಏನು ಮಾಡುತ್ತಾನೆ ಎಂಬುದು ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತದೆ.

ನಿವೃತ್ತ ಅಧ್ಯಾಪಕಿ, ವಿರಾಜಪೇಟೆ

ಗಂಡಸರು ಒಂದೇ ಅಚ್ಚಿನವರು ಎಂಬ ನಿಮ್ಮ ಮಾತಿಗೆ, ಆ ಕಥೆಗಳಿಗೆ ಕಾರಣರಾದ ಗಂಡಸರೂ ಬಹುಶಃ ಹಾಗೆಯೇ ಇದ್ದರು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಬಾನು ಮುಷ್ತಾಕ್ ವಕೀಲರಾಗಿ ಕೆಲಸ ಮಾಡಿದವರು, ಹಾಸನದಲ್ಲಿ ತಮ್ಮ ಬಳಿಗೆ ಕಷ್ಟ ಹೇಳಿಕೊಂಡು ಬಂದ ಹೆಂಗಸರ ಬದುಕನ್ನು ಹತ್ತಿರದಿಂದ ಕಂಡವರು ಎಂಬುದನ್ನು ನೆನಪಿಟ್ಟುಕೊಂಡು ಓದಿದರೆ ಆ ಪುನರಾವರ್ತನೆಗೆ ಬೇರೆಯೇ ತೂಕ ಬರುತ್ತದೆ.

ನನ್ನ ವರ್ಷ ಕೊಡಗಿನ ಗೌರಮ್ಮನವರದು. ಬೂಕರ್ ಸುದ್ದಿಯ ಬೆನ್ನಲ್ಲೇ, ದೀಪಾ ಭಾಸ್ತಿಯವರು 2023ರಲ್ಲಿ ಗೌರಮ್ಮನವರ ಕಥೆಗಳನ್ನೂ ಇಂಗ್ಲಿಷಿಗೆ ತಂದಿದ್ದಾರೆ ಎಂಬುದನ್ನು ಪತ್ರಿಕೆಯಲ್ಲಿ ಓದಿ, ಕಪಾಟಿನ ಹಿಂದಿನ ಸಾಲಿನಲ್ಲಿದ್ದ 'ಕಂಬನಿ'ಯನ್ನು ತೆಗೆದು ಮತ್ತೆ ಓದಿದೆ. ಶಾಲೆಯಲ್ಲಿ ಪಾಠ ಮಾಡುವಾಗ ನಾವು ಅವರ ಬದುಕಿನ ಘಟನೆಗಳನ್ನೇ ಹೇಳುತ್ತೇವೆ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತು, ಬಂದ ಮೇಲೆ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು. 1939ರಲ್ಲಿ, ಇನ್ನೂ ಇಪ್ಪತ್ತೇಳರ ಹರೆಯದಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡರು. ಇಷ್ಟು ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ. ಆದರೆ ಅವರ ಕಥೆಗಳನ್ನು ಬಾಯಿಬಿಟ್ಟು ಓದಿಸುವವರು ಕಡಿಮೆ.

ಈ ಸಲದ ಓದಿನಲ್ಲಿ ನನಗೆ ಬೆರಗು ತಂದದ್ದು ಅವರು ಕಥೆಯನ್ನು ಮುಗಿಸುವ ಬಗೆ. ಬಾಲವಿಧವೆಯ ಒಂಟಿತನ, ಅವಳಿಗೂ ಪ್ರೀತಿ ಹುಟ್ಟಬಹುದೆಂಬ ಸರಳ ಸತ್ಯ, ವರದಕ್ಷಿಣೆ, ಜಾತಿ, ಗಂಡಸಿನ ಪುಕ್ಕಲುತನ, ಇವೆಲ್ಲ ಆ ಕಾಲದ ಬೇರೆ ಲೇಖಕರಲ್ಲೂ ಇವೆ. ಆದರೆ ಅವರಲ್ಲಿ ಹಲವರು ಕೊನೆಯ ಪುಟದಲ್ಲಿ ಸಮಾಜಕ್ಕೆ ಒಂದು ಉಪನ್ಯಾಸ ಕೊಟ್ಟೇ ಮುಗಿಸುತ್ತಾರೆ. ಗೌರಮ್ಮ ಹಾಗೆ ಮಾಡುವುದಿಲ್ಲ. ಪತ್ರದ ರೂಪದಲ್ಲೋ ಗೆಳತಿಯರ ಹರಟೆಯಂತೆಯೋ ಆರಂಭವಾದ ಕಥೆ, ಯಾರನ್ನೂ ಬೈಯದೆ, ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಇಪ್ಪತ್ತರ ಹರೆಯದ ಹೆಣ್ಣುಮಗಳೊಬ್ಬಳು, ಸೋಮವಾರಪೇಟೆ ಕಡೆಯ ತೋಟದ ಮನೆಯಲ್ಲಿ ಕುಳಿತು, 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂಬ ಹೆಸರಿನಲ್ಲಿ ಪತ್ರಿಕೆಗಳಿಗೆ ಇಂಥ ಕಥೆಗಳನ್ನು ಕಳುಹಿಸುತ್ತಿದ್ದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಅಚ್ಚರಿ. 'ಕಂಬನಿ' ಮತ್ತು 'ಚಿಗುರು', ಎರಡೇ ಸಂಕಲನಗಳು. 'ಚಿಗುರು' ಬಂದದ್ದು ಅವರು ಹೋದ ಮೇಲೆ.

ಸಿನಿಮಾ ನಾನು ಹೆಚ್ಚು ನೋಡುವುದಿಲ್ಲ. ಮೊಮ್ಮಗಳ ಒತ್ತಾಯಕ್ಕೆ 'ಸು ಫ್ರಮ್ ಸೋ' ನೋಡಿದೆ, ನಕ್ಕೆ, ಅಷ್ಟೇ.

ರೊಬಸ್ಟಾ, ಸಿದ್ದಾಪುರ

ನಾನು ಪುಸ್ತಕದವನಲ್ಲ, ರಾತ್ರಿ ಊಟವಾದ ಮೇಲೆ ಟಿವಿಯ ಮುಂದೆ ಕೂರುವವನು. ಆದರೆ ಈ ವರ್ಷ ನೋಡಿದ ಎರಡು ಕೃತಿಗಳ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕೆನಿಸುತ್ತಿದೆ. ಎರಡೂ 2024ರಲ್ಲಿ ಬಂದವು, ಎರಡೂ ಕೇರಳದ ಕಾಡಿನವು. ನಮ್ಮ ಕಡೆ ಮಲಯಾಳ ಗೊತ್ತಿಲ್ಲದ ಮನೆಗಳು ಕಡಿಮೆ ಎಂಬುದು ನಿಮಗೆ ತಿಳಿದೇ ಇದೆ.

ಮೊದಲನೆಯದು 'ಪೋಚರ್', ಎಂಟು ಕಂತುಗಳ ಸರಣಿ, ನಿರ್ದೇಶನ ರಿಚಿ ಮೆಹ್ತಾ. ಕೇರಳದಲ್ಲಿ 2015ರಲ್ಲಿ ಬಯಲಿಗೆ ಬಂದ ಆನೆದಂತದ ಬೇಟೆಯ ಪ್ರಕರಣವೇ ಅದರ ಹಂದರ. ನಿಮಿಷಾ ಸಜಯನ್ ಅರಣ್ಯಾಧಿಕಾರಿಯಾಗಿದ್ದಾರೆ, ರೋಷನ್ ಮ್ಯಾಥ್ಯೂ ಫೋನ್ ಕರೆಗಳ ದಾಖಲೆಗಳನ್ನು ಜಾಲಾಡಿ ಬೇಟೆಗಾರರ ಜಾಡು ಹಿಡಿಯುವವನಾಗಿದ್ದಾರೆ. ಕಾಡಿನಲ್ಲಿ ಕೋವಿ ಹಿಡಿದವನಿಗೆ ಸಿಗುವುದು ಚಿಲ್ಲರೆ ಹಣ, ದಂತ ಸೇರುವುದು ದೆಹಲಿಯ ಸಿರಿವಂತರ ಕೈಗೆ ಎಂಬ ಸರಪಳಿಯನ್ನು ಒಂದೊಂದೇ ಕೊಂಡಿಯಾಗಿ ಬಿಡಿಸಿ ತೋರಿಸುವ ರೀತಿ ನನಗೆ ತುಂಬಾ ಹಿಡಿಸಿತು. ಮನುಷ್ಯರು ಮಾತನಾಡುತ್ತಿರುವಾಗ ಮರದ ಮೇಲಿನ ಹಕ್ಕಿಯೋ ರಸ್ತೆಬದಿಯ ನಾಯಿಯೋ ನೋಡುತ್ತಿರುವುದನ್ನು ಮತ್ತೆ ಮತ್ತೆ ತೋರಿಸುತ್ತಾರೆ. ಮೊದಲೆರಡು ಕಂತುಗಳಲ್ಲಿ ಚೆನ್ನಾಗಿತ್ತು, ಆಮೇಲೆ ಅತಿಯಾಯಿತು.

ಆದರೆ ಸಿದ್ದಾಪುರದಲ್ಲಿ ಕುಳಿತು ಆ ಸರಣಿ ನೋಡುವವನಿಗೆ ಒಂದು ಕೊರತೆ ಕಾಣಿಸುತ್ತದೆ. ಅಲ್ಲಿ ಆನೆ ಬರಿಯ ಬಲಿಪಶು. ಬೆಳಗಿನ ಮಂಜಿನಲ್ಲಿ ಕಾರ್ಮಿಕರ ಲೈನ್‌ಮನೆಯಿಂದ ಕೆಲಸಕ್ಕೆ ಹೊರಡುವ ಹೆಂಗಸು ತೋಟದ ಗೇಟಿನ ಬಳಿ ಆನೆಗೆ ಎದುರಾಗುವುದು, ಹಲಸು ಹಣ್ಣಾಗುವ ಹೊತ್ತಿಗೆ ಹಿಂಡು ತೋಟದಲ್ಲೇ ಠಿಕಾಣಿ ಹೂಡುವುದು, ಪಟಾಕಿ ಸಿಡಿಸಿ ಒಂದು ತೋಟದಿಂದ ಅಟ್ಟಿದರೆ ಪಕ್ಕದ ತೋಟಕ್ಕೆ ನುಗ್ಗುವುದು, ಇವಕ್ಕೆ ಆ ಕಥೆಯಲ್ಲಿ ಜಾಗವಿಲ್ಲ. ಬೇಟೆಯ ಕಥೆಗೆ ಅದು ಬೇಕಿಲ್ಲ ಎನ್ನಬಹುದು. ಆದರೂ ಆನೆಯ ಬಗ್ಗೆ ಎಂಟು ಕಂತು ಮಾತನಾಡುವಾಗ ಆನೆಯ ಜೊತೆ ಬದುಕುವವರಿಗೆ ಎಂಟು ನಿಮಿಷವಾದರೂ ಸಿಗಬೇಕಿತ್ತು.

ಎರಡನೆಯದು 'ಕಿಷ್ಕಿಂಧಾ ಕಾಂಡಂ'. ಈ ವರ್ಷ ನಾನು ನೋಡಿದ್ದರಲ್ಲಿ ಇದಕ್ಕೇ ಮೊದಲ ಸ್ಥಾನ. ಕಾಡಂಚಿನ ಮನೆ, ಸುತ್ತ ಮಂಗಗಳು, ಸೈನ್ಯದಿಂದ ನಿವೃತ್ತನಾದ ಒರಟು ಮುದುಕ, ಮರುಮದುವೆಯಾದ ಮಗ, ಆ ಮನೆಗೆ ಹೊಸದಾಗಿ ಬಂದ ಸೊಸೆ. ಚುನಾವಣೆ ಬಂದಿದೆ, ಪರವಾನಗಿ ಇರುವ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಆದರೆ ಮುದುಕನ ಕೋವಿ ಕಾಣುತ್ತಿಲ್ಲ. ಕಥೆ ಇಲ್ಲಿಂದ ಶುರು. ಕೊನೆಯನ್ನು ನಾನು ಹೇಳುವುದಿಲ್ಲ, ಯಾರೂ ಇಲ್ಲಿ ಹೇಳಬೇಡಿ.

ಬೇರೆ ಊರಿನ ಪ್ರೇಕ್ಷಕರಿಗೆ ಆ ಕೋವಿ ಒಂದು ಪತ್ತೇದಾರಿ ಸುಳಿವು. ನಮಗೆ ಹಾಗಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೊಡವರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇರುವ, ಸದ್ಯಕ್ಕೆ ಅದು 2029ರವರೆಗೆ ಮುಂದುವರಿದಿರುವ, ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ಕೋವಿಗೆ ಹೂವಿಟ್ಟು ಪೂಜೆ ಮಾಡುವ ನಾಡು ನಮ್ಮದು. ಮನೆಯ ಕೋವಿ ಎಲ್ಲಿದೆ ಎಂದು ಮನೆಯ ಯಜಮಾನನಿಗೆ ತಿಳಿಯದೆ ಹೋಗುವುದು ಎಂಥ ಅವಮಾನ ಎಂಬುದನ್ನು ನಮ್ಮ ಹಿರಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ವಿಜಯರಾಘವನ್ ಅವರ ಮುಖದಲ್ಲಿ ಆ ಅವಮಾನ ಮತ್ತು ಅದನ್ನು ಮುಚ್ಚಿಡುವ ಹಟ ಎರಡೂ ಒಟ್ಟಿಗೆ ಕಾಣುತ್ತವೆ. ಶಿಸ್ತಿನಿಂದ ಬದುಕಿದ ಸೈನಿಕನಿಗೆ ನೆನಪು ಕೈಕೊಟ್ಟಾಗ ಅವನು ಕಾಯಿಲೆಯ ಹೆಸರನ್ನು ಹೇಳುವುದಿಲ್ಲ, ಕೋಪ ಮಾಡಿಕೊಳ್ಳುತ್ತಾನೆ. ನಿವೃತ್ತ ಯೋಧರಿರುವ ಮನೆಗಳಲ್ಲಿ ಈ ಕೋಪ ಗೊತ್ತಿರುವುದೇ.

ಕಿಗ್ಗಟ್ಟು ನಾಡಿನ ವಿದ್ಯಾರ್ಥಿ, ಪೊನ್ನಂಪೇಟೆ (ಈಗ ಬೆಂಗಳೂರಿನಲ್ಲಿ)

ಟೀಚರ್, 'ಸು ಫ್ರಮ್ ಸೋ' ಚಿತ್ರವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಜುಲೈ ಕೊನೆಯಲ್ಲಿ, ದೊಡ್ಡ ತಾರೆಯಿಲ್ಲದೆ, ಅಬ್ಬರದ ಪ್ರಚಾರವಿಲ್ಲದೆ ಬಂದ ಆ ಚಿತ್ರಕ್ಕೆ ಬೆಂಗಳೂರಿನ ಚಿತ್ರಮಂದಿರಗಳಲ್ಲಿ ಮೊದಲ ವಾರವೇ ಟಿಕೆಟ್ ಸಿಗದಂತಾಯಿತು. ಕುಡಿದು ಬಂದ ರಾತ್ರಿ ಮದುವೆ ಮನೆಯ ಬಚ್ಚಲಿಗೆ ಇಣುಕಿ ಸಿಕ್ಕಿಬಿದ್ದ ಹುಡುಗನೊಬ್ಬ, ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಊರಿಗೆ ಊರೇ ಅದನ್ನು ನಂಬಿ, ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ಪ್ರೇತವನ್ನು ಓಡಿಸಲು ಹೊರಡುತ್ತದೆ. ಮೊದಲರ್ಧದ ನಗು ಎಲ್ಲರಿಗೂ ಗೊತ್ತು. ಆದರೆ ಆ ಸುಲೋಚನೆ ನಿಜವಾಗಿ ಬದುಕಿದ್ದವಳು, ಅವಳಿಗೊಬ್ಬಳು ಮಗಳಿದ್ದಾಳೆ ಎಂದು ಗೊತ್ತಾದಾಗ ಅದೇ ಊರು ಬೇರೆಯಾಗಿ ಕಾಣುತ್ತದೆ. ನಿಮ್ಮ ಗೌರಮ್ಮನವರೂ ಬಾನು ಅವರೂ ಬರೆದ ಹೆಂಗಸರಿಂದ ಆ ಸುಲೋಚನೆ ತೀರಾ ದೂರದವಳಲ್ಲ.

ಅದಕ್ಕಿಂತಲೂ ನನಗೆ ಹೆಚ್ಚು ಹಿಡಿಸಿದ್ದು 'ಏಕಂ', 2024ರ ಜುಲೈಯಲ್ಲಿ ಬಂದ, ಕರಾವಳಿಯ ಏಳು ಬಿಡಿ ಕಥೆಗಳ ಸರಣಿ. ದೊಡ್ಡ ವೇದಿಕೆಗಳು ಕನ್ನಡದ ಸರಣಿಯನ್ನು ಕೊಳ್ಳಲು ಮುಂದೆ ಬಾರದ್ದರಿಂದ ಅದನ್ನು ಮಾಡಿದವರು ತಮ್ಮದೇ ಜಾಲತಾಣ ಕಟ್ಟಿ, ಅಲ್ಲಿ ಹಣ ಕೊಟ್ಟು ನೋಡುವಂತೆ ಮಾಡಿದರು. ಕನ್ನಡದಲ್ಲಿ ಒಳ್ಳೆಯ ವೆಬ್ ಸರಣಿಗಳಿಲ್ಲ ಎಂದು ದೂರುವವರು ಇದನ್ನು ಹುಡುಕಿ ನೋಡಿದ್ದಾರೆಯೇ ಎಂದು ಕೇಳಬೇಕೆನಿಸುತ್ತದೆ.

ಈ ಎರಡನ್ನೂ ನೋಡಿದ ಮೇಲೆ ನನ್ನನ್ನು ಕಾಡುವ ಪ್ರಶ್ನೆ ಒಂದೇ. ಕರಾವಳಿಯವರು ತಮ್ಮ ಊರಿನ ಮಾತು, ತಮ್ಮ ಊರಿನ ನಟರು, ತಮ್ಮ ಊರಿನ ದೆವ್ವಗಳನ್ನೇ ಇಟ್ಟುಕೊಂಡು ಕನ್ನಡ ನಾಡನ್ನೆಲ್ಲ ನಗಿಸುತ್ತಾರೆ, ಅಳಿಸುತ್ತಾರೆ. ಕೊಡಗು ಮಾತ್ರ ಕನ್ನಡ ಸಿನಿಮಾದಲ್ಲಿ ಅರ್ಧ ಶತಮಾನದಿಂದ ಹಾಡಿನ ಹಿಂದಿನ ಪರದೆಯಾಗಿಯೇ ಉಳಿದಿದೆ. ನಾಯಕ ನಾಯಕಿ ಮಂಜಿನಲ್ಲಿ ಓಡುತ್ತಾರೆ, ಕಾಫಿ ಗಿಡದ ಸಾಲಿನಲ್ಲಿ ಕ್ಯಾಮೆರಾ ತೇಲುತ್ತದೆ, ಆ ಗಿಡದ ಕಸಿ ಮಾಡಿದವರು ಎಲ್ಲೂ ಕಾಣುವುದಿಲ್ಲ. 'ಮುಂಗಾರು ಮಳೆ'ಯ ನಂತರ ನಮ್ಮೂರಿಗೆ ಬಂದ ಪ್ರವಾಸಿಗರಿಗೆ ನಾವೂ ಆ ಪರದೆಯ ಭಾಗವೇ ಆಗಿಬಿಟ್ಟೆವು.

ಹಳೆ ಚಿತ್ರಗಳ ಅಭಿಮಾನಿ, ಸೋಮವಾರಪೇಟೆ

ತಮ್ಮಾ, ನಿನ್ನ ಮಾತಿನಲ್ಲಿ ಅರ್ಧ ಸತ್ಯವಿದೆ, ಇನ್ನರ್ಧ ಅವಸರದ್ದು. ಈ ವರ್ಷ ನಾನು ಹೊಸ ಚಿತ್ರ ಒಂದನ್ನೂ ನೋಡಲಿಲ್ಲ. ಮಳೆಗಾಲದುದ್ದಕ್ಕೂ, ಕರೆಂಟು ಇದ್ದಾಗಲೆಲ್ಲ, ಕೊಡಗಿಗೆ ಸಂಬಂಧಿಸಿದ ಹಳೆಯ ಚಿತ್ರಗಳನ್ನೇ ಹುಡುಕಿ ನೋಡಿದೆ. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

1971ರ 'ಶರಪಂಜರ'ದಲ್ಲಿ 'ಕೊಡಗಿನ ಕಾವೇರಿ' ಹಾಡು ಬರುತ್ತದೆ. ಅದು ಹಿನ್ನೆಲೆಯೇ, ಒಪ್ಪುತ್ತೇನೆ. ಆದರೆ ತ್ರಿವೇಣಿಯವರ ಆ ಕಾದಂಬರಿಯ ನಾಯಕಿಯ ಹೆಸರೂ ಕಾವೇರಿ; ಆ ಹಾಡಿನ ಸಂತೋಷವನ್ನು ನಾವು ಮನಸಾರೆ ನಂಬಿದ್ದರಿಂದಲೇ ಮುಂದೆ ಅದೇ ಕಾವೇರಿಯನ್ನು ಮನೆಯವರೂ ಊರವರೂ ಹುಚ್ಚಿ ಎಂದು ದೂರ ಇಡುವಾಗ ಎದೆ ಒಡೆಯುತ್ತದೆ. ಪುಟ್ಟಣ್ಣ ಕಣಗಾಲರು ಈ ನೆಲದ ಚೆಲುವನ್ನು ಸುಮ್ಮನೆ ಬಳಸಲಿಲ್ಲ, ಮುಂದಿನ ದುಃಖಕ್ಕೆ ಅದನ್ನು ಮುಂಗಡವಾಗಿ ಕೊಟ್ಟರು. ಎರಡು ವರ್ಷದ ನಂತರ ಬಂದ 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದ ಕಥೆ ನಮ್ಮವರೇ ಆದ ಭಾರತೀಸುತರದು. ರಾಜ್‌ಕುಮಾರ್ ಅಭಿನಯದ 'ಹುಲಿಯ ಹಾಲಿನ ಮೇವು', 1979, ಅದೂ ಅವರ ಕಾದಂಬರಿಯೇ, ಅದರಲ್ಲಿ ಕೊಡಗಿನ ಅರಸರ ಕಾಲವೇ ಕಥಾವಸ್ತು.

ಮತ್ತೆ 'ಮುತ್ತಿನ ಹಾರ'. 1990ರಲ್ಲಿ ಬಂದ ಆ ಚಿತ್ರದಲ್ಲಿ ವಿಷ್ಣುವರ್ಧನ್ ಮಾಡಿದ ಅಚ್ಚಪ್ಪ ಎಂಬ ಸೈನಿಕನ ಪಾತ್ರವನ್ನು ಪರದೆ ಎನ್ನುತ್ತೀಯಾ? ರಾಜೇಂದ್ರಸಿಂಗ್ ಬಾಬು ಅವರು ಮಂಜು, ಕಾಫಿ ಹೂವುಗಳನ್ನು ತೋರಿಸಿಯೂ, ಯುದ್ಧಕ್ಕೆ ಮಕ್ಕಳನ್ನು ಕಳುಹಿಸುವ ಮನೆಯ ಕಥೆಯನ್ನು ಮುಂದಿಟ್ಟರು. ಬಾಲಮುರಳಿಕೃಷ್ಣ ಹಾಡಿದ 'ದೇವರು ಹೊಸೆದ ಪ್ರೇಮದ ದಾರ' ಈಗಲೂ ನಮ್ಮೂರಿನ ಮದುವೆಗಳಲ್ಲಿ ಕೇಳುತ್ತದೆ, ಹಾಡಿನ ಹಿಂದಿರುವ ದುಃಖ ಗೊತ್ತಿದ್ದವರು ಮದುವೆಗೆ ಅದನ್ನು ಹಾಕಿಸುತ್ತಿರಲಿಲ್ಲ ಎಂದು ನನಗೆ ಪ್ರತಿ ಸಲ ಅನಿಸುತ್ತದೆ. ಕನ್ನಡದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಯುದ್ಧದ ದೃಶ್ಯಗಳು ಇಂದು ಸ್ವಲ್ಪ ನಾಟಕೀಯವಾಗಿ ಕಾಣುತ್ತವೆ, ಅದನ್ನು ಮುಚ್ಚಿಡುವುದಿಲ್ಲ.

ಇನ್ನೊಂದು ವಿಷಯ. ಈ ವರ್ಷ ಆಗಸ್ಟಿನಲ್ಲಿ ಪ್ರಕಟವಾದ 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾಗಿ ಆಯ್ಕೆಯಾದ 'ಕಂದೀಲು' ಚಿತ್ರದ ನಿರ್ದೇಶಕಿ ಕೊಟ್ಟುಕತ್ತೀರ ಯಶೋದಾ ಪ್ರಕಾಶ್. ಕೊಡವ ಭಾಷೆಯ ಮೊದಲ ಚಿತ್ರ ತೆರೆಗೆ ಬಂದದ್ದು 1972ರಲ್ಲಿ. ಕಥೆ ಹೇಳುವವರು ಇಲ್ಲಿ ಇಲ್ಲವೆಂದಲ್ಲ, ಅವರ ಚಿತ್ರಗಳಿಗೆ ನಾವು ಟಿಕೆಟ್ ಕೊಂಡಿಲ್ಲ. 'ಕಂದೀಲು' ಎಲ್ಲಿ ನೋಡಲು ಸಿಗುತ್ತದೆಂದು ಯಾರಿಗಾದರೂ ತಿಳಿದಿದ್ದರೆ ಬರೆಯಿರಿ.

ಕಿಗ್ಗಟ್ಟು ನಾಡಿನ ವಿದ್ಯಾರ್ಥಿ, ಪೊನ್ನಂಪೇಟೆ

ಅಣ್ಣಾ, 'ಮುತ್ತಿನ ಹಾರ'ದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಅದರಲ್ಲೂ ಕೊಡಗು ಎಂದರೆ ಕೋವಿ, ಕುಪ್ಯಚೇಲೆಯ ಉಡುಪು, ಸೈನ್ಯ, ಅಷ್ಟೇ. ಪೊನ್ನಂಪೇಟೆಯಿಂದ ಬೆಂಗಳೂರಿಗೆ ಬಸ್ಸು ಹತ್ತಿದ ಹುಡುಗನ, ತೋಟದ ಲೈನ್‌ಮನೆಯಲ್ಲಿ ಹುಟ್ಟಿದ ಹುಡುಗಿಯ, ಹಾಡಿಯಲ್ಲಿರುವ ಯರವ ಬುಡಕಟ್ಟಿನ ಕುಟುಂಬದ ಕಥೆಯನ್ನು ಯಾರು ತೆಗೆದರು? ನನ್ನ ಪ್ರಶ್ನೆ ಇನ್ನೂ ಹಾಗೆಯೇ ಇದೆ.

ಕಾವೇರಿ ತಡಿ, ಭಾಗಮಂಡಲ

ಮಾತು ಕೊಡಗಿನ ಅರಸರ ಕಾಲಕ್ಕೆ ಬಂದದ್ದರಿಂದ ನನ್ನ ಪುಸ್ತಕವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನು ಈ ವರ್ಷ ಮೊದಲ ಬಾರಿಗೆ ಪೂರ್ತಿ ಓದಿದೆ. 1956ರಲ್ಲಿ ಪ್ರಕಟವಾದ, 1983ರ ಜ್ಞಾನಪೀಠದೊಂದಿಗೆ ಎಲ್ಲರೂ ನೆನೆಯುವ ಆ ಕಾದಂಬರಿಯನ್ನು ನಮ್ಮ ಮನೆಗಳಲ್ಲಿ ಓದದೆಯೇ ಬೈಯುವ ಪದ್ಧತಿ ಇದೆ. ನಮ್ಮ ಕೊನೆಯ ಅರಸನನ್ನು ಕುಡುಕ, ಕ್ರೂರಿ ಎಂದು ಚಿತ್ರಿಸಿದ್ದಾರೆ ಎಂಬುದೇ ಆಕ್ಷೇಪ.

ಓದಿದ ಮೇಲೆ ನನಗೆ ಕಂಡದ್ದು ಬೇರೆ. ಅರಸನ ದೋಷಗಳನ್ನು ಮಾಸ್ತಿ ಮುಚ್ಚುವುದಿಲ್ಲ, ನಿಜ. ಆದರೆ ಅವರ ಗಮನ ಇರುವುದು ಅವನ ಸುತ್ತಲಿನವರ ಮೇಲೆ: ಗಂಡನ ಮಾನವನ್ನೂ ರಾಜ್ಯದ ಮಾನವನ್ನೂ ಒಟ್ಟಿಗೆ ಕಾಯಲು ಹೆಣಗುವ ರಾಣಿ ಗೌರಮ್ಮ, ಅರಸನ ನೆರಳಿನಂತಿರುವ ಕುಂಟ ಬಸವ, ನ್ಯಾಯ ಮತ್ತು ನಿಷ್ಠೆಗಳ ನಡುವೆ ಸಿಕ್ಕಿಕೊಂಡ ಮಂತ್ರಿ ಬೋಪಣ್ಣ. ಇವರಲ್ಲಿ ಯಾರೂ ರಾಜ್ಯವನ್ನು ಇಂಗ್ಲಿಷರಿಗೆ ಒಪ್ಪಿಸಬೇಕೆಂದು ಹೊರಟವರಲ್ಲ. ಆದರೂ ಪ್ರತಿಯೊಬ್ಬರೂ ತಮಗೆ ಸರಿಕಂಡದ್ದನ್ನು ಮಾಡುತ್ತ ಮಾಡುತ್ತ, ಕೊಡಗು ಇಂಗ್ಲಿಷರ ಕೈಸೇರಿದ 1834ಕ್ಕೆ ಬಂದು ನಿಲ್ಲುತ್ತಾರೆ. ಇಂಗ್ಲಿಷರು ಹೆಚ್ಚೇನೂ ಮಾಡಬೇಕಾಗುವುದಿಲ್ಲ, ಕಾಯುತ್ತಾರೆ. ಓದು ಮುಗಿದ ಮೇಲೆ ಕಕ್ಕಬೆಯ ನಾಲ್ಕುನಾಡು ಅರಮನೆಗೆ ಹೋಗಿ ಬಂದೆ. ಹಿಂದೆ ಶಾಲೆಯ ಪ್ರವಾಸದಲ್ಲಿ ನೋಡಿದಾಗ ಅದು ಬರಿಯ ಹಳೆ ಮನೆಯಾಗಿತ್ತು.

ಆದರೆ ಕಾದಂಬರಿಯನ್ನೇ ಇತಿಹಾಸವೆಂದು ಹಿಡಿಯುವವರ ಜೊತೆ ನನ್ನ ತಕರಾರಿದೆ. ಅರೆಭಾಷೆಯ ಮನೆಗಳಲ್ಲಿ ನಾವು ಕೇಳಿ ಬೆಳೆದದ್ದು ಮೂರು ವರ್ಷಗಳ ನಂತರದ 1837ರ ದಂಗೆಯ ಕಥೆ. ಆ ದಂಗೆಗಾಗಿ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಪ್ರಜೆಗಳೆಲ್ಲ ಬೇಸತ್ತು ಅರಸೊತ್ತಿಗೆಯನ್ನು ಕೈಬಿಟ್ಟಿದ್ದರೆ, ಅದೇ ಅರಸುಮನೆತನದ ಹೆಸರಿನಲ್ಲಿ ಮೂರೇ ವರ್ಷಗಳಲ್ಲಿ ಅಷ್ಟು ಜನ ಯಾಕೆ ಎದ್ದರು? ಈ ಪ್ರಶ್ನೆಯನ್ನು ಇಟ್ಟುಕೊಂಡು ಯಾರಾದರೂ ಕಾದಂಬರಿ ಬರೆದರೆ ನಾನು ಮೊದಲ ಪ್ರತಿ ಕೊಳ್ಳುತ್ತೇನೆ.

ನಿವೃತ್ತ ಅಧ್ಯಾಪಕಿ, ವಿರಾಜಪೇಟೆ

ಒಳ್ಳೆಯ ಪ್ರಶ್ನೆ. ಮಾಸ್ತಿಯವರ ಕಥೆ ಅರಸನ ಪದಚ್ಯುತಿಯೊಂದಿಗೆ ಮುಗಿಯುವುದಿಲ್ಲ ಎಂಬುದನ್ನೂ ಗಮನಿಸಿ; ಅವನು ಕಾಶಿಗೂ ಆಮೇಲೆ ಇಂಗ್ಲೆಂಡಿಗೂ ಹೋಗಿ, ಮಗಳು ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾಗುವವರೆಗೆ ಆ ವಂಶದ ಪಾಡನ್ನು ಹಿಂಬಾಲಿಸುತ್ತದೆ. 1852ರಲ್ಲಿ ಕ್ರೈಸ್ತಳಾಗಿ ವಿಕ್ಟೋರಿಯಾ ಗೌರಮ್ಮ ಎಂದು ಹೆಸರಾದ ಆ ಹುಡುಗಿ ನಿಜವಾಗಿ ಬದುಕಿದ್ದವಳು. ಇಪ್ಪತ್ತಮೂರು ತುಂಬುವ ಮೊದಲೇ ಲಂಡನ್ನಿನಲ್ಲಿ ತೀರಿಕೊಂಡಳು. ಕಾದಂಬರಿಯನ್ನು ಕುಂಟ ಬಸವನಲ್ಲಿಗೇ ನಿಲ್ಲಿಸುವವರು ಆ ಕೊನೆಯ ಅಧ್ಯಾಯಗಳನ್ನು ಮತ್ತೊಮ್ಮೆ ಓದಬೇಕು.

ಹಾರಂಗಿ, ಕುಶಾಲನಗರ

ನನ್ನ ಆಯ್ಕೆ ಕೊಡಗಿನದಲ್ಲ, ಆದರೂ ಹೇಳಲೇಬೇಕು. ಹದಿಮೂರು ವರ್ಷದ ಮಗನಿರುವ ತಾಯಿಯಾಗಿ, ಈ ವರ್ಷ ನನ್ನ ನಿದ್ದೆ ಕೆಡಿಸಿದ್ದು ಮಾರ್ಚ್ ತಿಂಗಳಲ್ಲಿ ಬಂದ 'ಅಡಾಲಸೆನ್ಸ್' ಎಂಬ ಬ್ರಿಟಿಷ್ ಸರಣಿ. ನಾಲ್ಕೇ ಕಂತುಗಳು, ಪ್ರತಿ ಕಂತನ್ನೂ ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿದ್ದಾರೆ. ಸಹಪಾಠಿಯನ್ನು ಕೊಂದ ಆರೋಪದ ಮೇಲೆ ಹದಿಮೂರರ ಹುಡುಗನನ್ನು ಪೊಲೀಸರು ಬೆಳಗಿನ ಜಾವ ಮನೆಯಿಂದ ಎತ್ತಿಕೊಂಡು ಹೋಗುತ್ತಾರೆ. ಯಾರು ಕೊಂದರು ಎಂಬುದು ಇಲ್ಲಿ ದೊಡ್ಡ ರಹಸ್ಯವೇ ಅಲ್ಲ. ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಫೋನ್ ನೋಡುತ್ತಿದ್ದ ಮಗನಿಗೆ ಏನಾಗುತ್ತಿತ್ತು ಎಂಬುದು ಪಕ್ಕದ ಕೋಣೆಯಲ್ಲಿದ್ದ ತಂದೆತಾಯಿಗೆ ಯಾಕೆ ತಿಳಿಯಲಿಲ್ಲ ಎಂಬುದೇ ಕಥೆ. ಮೂರನೆಯ ಕಂತಿನಲ್ಲಿ ಆ ಹುಡುಗ ಮತ್ತು ಮನಃಶಾಸ್ತ್ರಜ್ಞೆ ಎದುರುಬದುರು ಕುಳಿತು ಮಾತನಾಡುತ್ತಾರೆ. ಬೇರೇನೂ ನಡೆಯುವುದಿಲ್ಲ, ಆದರೂ ಎದ್ದು ನೀರು ಕುಡಿಯಲು ನನಗೆ ಮನಸ್ಸಾಗಲಿಲ್ಲ. ಹುಡುಗನ ಪಾತ್ರ ಮಾಡಿದ ಓವೆನ್ ಕೂಪರ್‌ಗೆ ಹದಿನೈದನೆಯ ವಯಸ್ಸಿನಲ್ಲೇ ಎಮ್ಮಿ ಪ್ರಶಸ್ತಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಅದಾದ ಮೇಲೆ ಸುಮಂತ್ ಭಟ್ ಅವರ 'ಮಿಥ್ಯ' ನೋಡಿದೆ. ತಂದೆತಾಯಿಯನ್ನು ಕಳೆದುಕೊಂಡ ಹನ್ನೊಂದರ ಹುಡುಗನನ್ನು ಮುಂಬೈಯಿಂದ ಉಡುಪಿಗೆ, ಚಿಕ್ಕಮ್ಮನ ಮನೆಗೆ ಕರೆತರುತ್ತಾರೆ. ಅವನು ಅಳುವುದಿಲ್ಲ. ಮನೆಯವರು ಒಳ್ಳೆಯವರೇ, ಆದರೆ ಅಳದ ಹುಡುಗನ ಜೊತೆ ಏನು ಮಾತನಾಡಬೇಕೆಂದು ಅವರಿಗೂ ತಿಳಿಯುವುದಿಲ್ಲ. ಬ್ರಿಟಿಷ್ ಸರಣಿಗೆ ಸಿಕ್ಕ ಪ್ರಚಾರದ ನೂರರಲ್ಲಿ ಒಂದು ಪಾಲೂ ಇದಕ್ಕೆ ಸಿಗಲಿಲ್ಲ ಎಂಬುದು ನನ್ನ ಬೇಸರ. ಮಗನ ಜೊತೆ ಕುಳಿತು ನೋಡಿದ್ದು ಇದನ್ನೇ. ಮೊದಲನೆಯದನ್ನು ಅವನಿಗೆ ಇನ್ನೂ ತೋರಿಸಿಲ್ಲ.

ರೇಡಿಯೊ ಕೇಳುಗ, ಶಾಂತಳ್ಳಿ

ಕಕ್ಕಡ ತಿಂಗಳ ಜಡಿಮಳೆಯಲ್ಲಿ ಕಂಬ ಬಿದ್ದರೆ ವಾರವಾದರೂ ಕರೆಂಟು ಬಾರದ ಊರಿನಿಂದ ಬರೆಯುತ್ತಿದ್ದೇನೆ. ನಿಮ್ಮ ಸರಣಿಗಳೆಲ್ಲ ನಿಮಗೇ ಇರಲಿ. ನನ್ನ ವರ್ಷದ ಮನರಂಜನೆ ಮಡಿಕೇರಿ ಆಕಾಶವಾಣಿಯ 103.1, ಮತ್ತು ಏಪ್ರಿಲ್‌ನಲ್ಲಿ ಮಡಿಕೇರಿಯಲ್ಲಿ ನಡೆದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ, ಮುದ್ದಂಡ ಕಪ್. ಓದಿದ ಪುಸ್ತಕ ಒಂದೇ: ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ'. 1924ರಲ್ಲಿ ಅಚ್ಚಾದ ಆ ಸಂಗ್ರಹದಲ್ಲಿ ಹಬ್ಬದ ಹಾಡು, ಮದುವೆಯ ಹಾಡು, ಸಾವಿನ ಹಾಡು, ಗಾದೆ, ಪದ್ಧತಿ ಎಲ್ಲವೂ ಇವೆ. ಕೊಡವ ತಕ್ಕ್ ನನ್ನ ಮನೆಮಾತಲ್ಲದ್ದರಿಂದ ಪಕ್ಕದ ಮನೆಯ ಅಜ್ಜನನ್ನು ಕೇಳಿ ಕೇಳಿ ಓದಿದೆ, ಅವರು ಕೆಲವು ಹಾಡುಗಳನ್ನು ಪುಸ್ತಕದಲ್ಲಿ ಇರುವುದಕ್ಕಿಂತ ಬೇರೆಯಾಗಿ ಹಾಡಿ, ಪುಸ್ತಕದಲ್ಲಿರುವುದೇ ತಪ್ಪು ಎಂದು ವಾದಿಸಿದರು.

ಬೆಟ್ಟದ ಓದುಗ, ಮಡಿಕೇರಿ

ಪೊನ್ನಂಪೇಟೆಯ ವಿದ್ಯಾರ್ಥಿಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಕರಾವಳಿಯ ಚಿತ್ರಗಳ ಬೆನ್ನಿಗೆ ಯಕ್ಷಗಾನ ಮೇಳಗಳಿವೆ, ಊರೂರು ತಿರುಗುವ ತುಳು ನಾಟಕ ತಂಡಗಳಿವೆ, 'ಸು ಫ್ರಮ್ ಸೋ' ಮಾಡಿದ ಜೆ.ಪಿ. ತುಮಿನಾಡು ಅವರಂಥ ನಿರ್ದೇಶಕ ರಂಗಭೂಮಿಯಿಂದಲೇ ಬಂದವರು. ಸಂಭಾಷಣೆಯ ಯಾವ ಸಾಲಿಗೆ ಜನ ನಗುತ್ತಾರೆ ಎಂಬುದು ಅವರಿಗೆ ಕ್ಯಾಮೆರಾ ಹಿಡಿಯುವ ಮೊದಲೇ ಗೊತ್ತಿರುತ್ತದೆ. ನಮ್ಮಲ್ಲಿ ಹರದಾಸ ಅಪ್ಪಚ್ಚಕವಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಕೊಡವ ಭಾಷೆಯಲ್ಲಿ ನಾಟಕಗಳನ್ನು ಬರೆದು ಆಡಿಸಿದರು, ಆದರೆ ವರ್ಷವಿಡೀ ತಿರುಗಿ ಅದರಿಂದಲೇ ಹೊಟ್ಟೆ ಹೊರೆಯುವ ತಂಡಗಳು ಬೆಳೆಯಲಿಲ್ಲ. ಹಾಗೆ ಬೆಳೆಯಲು ಬೇಕಾದಷ್ಟು ಪ್ರೇಕ್ಷಕರು ಚದುರಿದ ತೋಟದ ಮನೆಗಳ ಈ ಜಿಲ್ಲೆಯಲ್ಲಿ, ಕೊಡವ, ಅರೆಭಾಷೆ, ತುಳು, ಮಲಯಾಳ, ಕನ್ನಡ ಎಂದು ಹಂಚಿಹೋದ ಜನರಲ್ಲಿ, ಒಂದೆಡೆ ಸೇರುವುದು ಕಷ್ಟ. ಕಥೆಗೆ ಬರವಿಲ್ಲ. ಈ ವರ್ಷ ನಾವು ಓದಿದ ಗೌರಮ್ಮನವರ ಕಥೆಗಳಲ್ಲೇ ಸಿನಿಮಾಕ್ಕೆ ಆಗುವಂಥವು ಹಲವಿವೆ.

ಹಾರಂಗಿಯವರೇ, 'ಮಿಥ್ಯ' ನನ್ನ ಪಟ್ಟಿಗೆ ಸೇರಿತು.

ಹಾರಂಗಿ, ಕುಶಾಲನಗರ

ರೊಬಸ್ಟಾ ಅಣ್ಣ, ಒಂದು ವಿಚಾರ ಕೇಳಬೇಕಿತ್ತು. ನಮ್ಮ ಮಾವನವರು ಸುಬೇದಾರರಾಗಿ ನಿವೃತ್ತರಾದವರು. ಒಂದೆರಡು ವರ್ಷದಿಂದ ಮರೆವು ಜಾಸ್ತಿಯಾಗಿದೆ, ಕೇಳಿದರೆ ಸಿಡಿಮಿಡಿಗೊಳ್ಳುತ್ತಾರೆ. ಮಲಯಾಳ ಚಿತ್ರಗಳೆಂದರೆ ಅವರಿಗೆ ಇಷ್ಟ. 'ಕಿಷ್ಕಿಂಧಾ ಕಾಂಡಂ' ಅವರ ಜೊತೆ ಕುಳಿತು ನೋಡಬಹುದೇ?

ರೊಬಸ್ಟಾ, ಸಿದ್ದಾಪುರ

ತಂಗಿ, ಮೊದಲು ನೀನೂ ನಿನ್ನ ಯಜಮಾನರೂ ಇಬ್ಬರೇ ನೋಡಿ. ಮುದುಕ ತನ್ನ ಕೋಣೆಯಲ್ಲಿ ಬರೆದಿಟ್ಟುಕೊಳ್ಳುವ ಟಿಪ್ಪಣಿಗಳ ದೃಶ್ಯಗಳು ಬಂದಾಗ, ಅವು ಮಾವನವರಿಗೆ ಸಮಾಧಾನ ತರುತ್ತವೆಯೋ ನೋವು ತರುತ್ತವೆಯೋ ಎಂಬುದು ನಿಮಗೇ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಚಿಕ್ಕಪ್ಪ ಪೂರ್ತಿ ನೋಡಿ, ಆ ಮುದುಕ ಮಾಡಿದ್ದೇ ಸರಿ ಎಂದು ಹೇಳಿ ಎದ್ದು ಹೋದರು. ಎಲ್ಲರೂ ಹಾಗೆ ತೆಗೆದುಕೊಳ್ಳುತ್ತಾರೆ ಎನ್ನಲಾಗದು. ತೋರಿಸುವುದಾದರೆ ಹಗಲಿನಲ್ಲಿ ತೋರಿಸಿ, ಮತ್ತು ಕೊನೆಯಾದ ಕೂಡಲೇ ಟಿವಿ ಆರಿಸಿ ಅವರನ್ನು ಒಬ್ಬರನ್ನೇ ಬಿಟ್ಟು ಹೋಗಬೇಡಿ.